ಗಾಳಿ ಎತ್ತಲಿಂದ? ಹಳೆಯ ಹಾಯಿಹಡಗಿನ ಚಿತ್ರ ಗುರುತಿಸಲು ಸಹಾಯ ಬೇಕು

ಹಳೇಫ್ರೇಮು

ಎಲ್ಲರಿಗೂ ನಮಸ್ಕಾರ. ದೊಡ್ಡಪ್ಪನ ಮನೆ ಖಾಲಿ ಮಾಡುವಾಗ ಈ ಚಿತ್ರ ನನ್ನ ಪಾಲಿಗೆ ಬಂತು. ಫೋಟೋ ಹಾಕಿದ್ದೇನೆ. ಗಾಜಿನ ಹೊಳಪು ಬಿದ್ದಿದೆ, ಕ್ಷಮಿಸಿ. ಕಾಗದದ ಮೇಲೆ ಅಚ್ಚಾದ ಚಿತ್ರ, ಬಣ್ಣ ಮಾಸಿದೆ, ಅಲ್ಲಲ್ಲಿ ಕಂದು ಚುಕ್ಕೆ. ಕೆಳಗಿನ ಅಂಚನ್ನು ಯಾರೋ ಫ್ರೇಮಿಗೆ ಹೊಂದಿಸಲು ಕತ್ತರಿಸಿಬಿಟ್ಟಿದ್ದಾರೆ. ಹಾಗಾಗಿ ಹೆಸರಿಲ್ಲ, ಇಸವಿಯಿಲ್ಲ.

ಮೂರು ಕಂಬದ ಹಡಗು, ಎಡದಿಂದ ಬಲಕ್ಕೆ ಹೋಗುತ್ತಿದೆ. ಪಕ್ಕದಲ್ಲಿ ಬಿಳಿ ಪಟ್ಟೆ, ಅದರ ಮೇಲೆ ಸಾಲಾಗಿ ಹನ್ನೆರಡು ಕಪ್ಪು ಚೌಕ. ಫಿರಂಗಿ ಕಿಂಡಿ ಅಂದುಕೊಂಡಿದ್ದೇನೆ. ಹಿಂದೆ ದೂರದಲ್ಲಿ ಎದುರು ದಿಕ್ಕಿಗೆ ಹೋಗುವ ಒಂದು ಉಗಿಹಡಗು ಇದೆ.

ನನಗೆ ತಲೆಕೆಡಿಸಿದ್ದು ಬಾವುಟ. ಹಾಯಿ ಎಲ್ಲ ಮುಂದಕ್ಕೆ ಉಬ್ಬಿವೆ. ಬಾವುಟಗಳು ಮಾತ್ರ ಹಿಂದಕ್ಕೆ ಹಾರುತ್ತಿವೆ. ಗಾಳಿ ಹಿಂದಿನಿಂದ ಬಂದರೆ ಬಾವುಟವೂ ಮುಂದಕ್ಕೇ ಹಾರಬೇಕಲ್ವಾ? ಚಿತ್ರಕಾರನಿಗೆ ಹಡಗು ಗೊತ್ತಿರಲಿಲ್ಲವೇ? ಇದು ಯಾವ ಯುದ್ಧನೌಕೆ?

ಉಪ್ಪುನೀರು

ಬಾವುಟ ಕಾರಿನ ಮೇಲೆ ಹಾರಿದ ಹಾಗೆ ಹಾರುತ್ತಿದೆ. ಪಕ್ಕಾ ನೆಲದ ಮೇಲೆ ಕೂತು ಬರೆದವನು. ಇಂಥವನ್ನು ಬಹಳ ನೋಡಿದ್ದೇನೆ. ಹಾಯಿಗೆ ಒಂದು ಗಾಳಿ, ಬಾವುಟಕ್ಕೆ ಇನ್ನೊಂದು, ಹೊಗೆಗೆ ಮೂರನೆಯದು.

ಚುಕ್ಕಾಣಿ

ಸ್ವಲ್ಪ ತಡೆಯಿರಿ ಉಪ್ಪುನೀರು ಅವರೇ. ಗಾಳಿ ನೇರ ಹಿಂದಿನಿಂದ ಬರುತ್ತಿದ್ದರೆ ನೀವು ಹೇಳಿದ್ದು ಸರಿ. ಹಡಗು ಗಾಳಿಗಿಂತ ನಿಧಾನ, ಹಾಗಾಗಿ ಬಾವುಟ ಮೂತಿಯ ಕಡೆಗೇ ಹಾರಬೇಕು. ಆ ತಪ್ಪು ಮಾಡಿದ ಚಿತ್ರಗಳು ಬೇಕಾದಷ್ಟಿವೆ. ಆದರೆ ಇಲ್ಲಿ ಗಾಳಿ ನಿಜವಾಗಿ ಹಿಂದಿನಿಂದ ಬರುತ್ತಿದೆಯೇ?

ಹಾಯಿ ಕಟ್ಟಿರುವ ಅಡ್ಡಮರಗಳನ್ನು ನೋಡಿ. ಗಾಳಿ ಬೆನ್ನಿಗಿದ್ದರೆ ಅವು ಹಡಗಿಗೆ ನೇರ ಅಡ್ಡಲಾಗಿರುತ್ತವೆ. ಆಗ ಹೀಗೆ ಪಕ್ಕದಿಂದ ನೋಡುವ ನಮಗೆ ಹಾಯಿಯ ಅಂಚಷ್ಟೇ ಕಾಣಬೇಕು. ಇಲ್ಲಿ ಹಾಯಿಯ ಪೂರ್ತಿ ಹರವು ಕಾಣುತ್ತಿದೆ. ಅಂದರೆ ಅಡ್ಡಮರಗಳನ್ನು ಓರೆಯಾಗಿ ತಿರುಗಿಸಿದ್ದಾರೆ, ಗಾಳಿ ಪಕ್ಕದಿಂದ ಬರುತ್ತಿದೆ. ಪಕ್ಕದ ಗಾಳಿಯ ಜೊತೆ ಹಡಗಿನ ಓಟವೂ ಸೇರುತ್ತದೆ. ಸೈಕಲ್ ಮೇಲೆ ಹೋಗುವಾಗ ಪಕ್ಕದ ಗಾಳಿ ಮುಂದಿನಿಂದ ಬಂದ ಹಾಗೆ ಅನಿಸುವುದಿಲ್ಲವೇ, ಹಾಗೆ. ಬಾವುಟ ಸ್ವಲ್ಪ ಹಿಂದಕ್ಕೆ ವಾಲಿದರೆ ಅದು ತಪ್ಪಲ್ಲ, ಅದೇ ಸರಿ.

ಉಗಿಹಡಗಿನ ಹೊಗೆ ಎತ್ತ ಹೋಗುತ್ತಿದೆ ಹೇಳಿ.

ಹಳೇಫ್ರೇಮು

ಉಗಿಹಡಗು ಎಡಕ್ಕೆ ಹೋಗುತ್ತಿದೆ ಸರ್, ಹೊಗೆ ಬಲಕ್ಕೆ ಚಾಚಿದೆ. ಅಂದರೆ ಬಾವುಟಕ್ಕೆ ಪೂರ್ತಿ ಉಲ್ಟಾ!

ಚುಕ್ಕಾಣಿ

ಉಲ್ಟಾ ಅಲ್ಲ, ಅದೂ ಸರಿಯೇ. ಎರಡೂ ಹಡಗಿಗೆ ಗಾಳಿ ಪಕ್ಕದಿಂದ. ಇದು ಬಲಕ್ಕೆ ಓಡುತ್ತದೆ, ಬಾವುಟ ಎಡಕ್ಕೆ ಉಳಿಯುತ್ತದೆ. ಅದು ಎಡಕ್ಕೆ ಓಡುತ್ತದೆ, ಹೊಗೆ ಬಲಕ್ಕೆ ಉಳಿಯುತ್ತದೆ. ನಿಮ್ಮ ಚಿತ್ರಕಾರನಿಗೆ ಹಡಗು ಚೆನ್ನಾಗಿ ಗೊತ್ತಿತ್ತು.

ಇನ್ನು ಯುದ್ಧನೌಕೆ ಅನ್ನುವುದು ನನಗೆ ಅನುಮಾನ. ಕಿಂಡಿಗಳಿಂದ ಒಂದಾದರೂ ಫಿರಂಗಿ ಮೂತಿ ಹೊರಗೆ ಬಂದಿದೆಯೇ? ಕಿಂಡಿಗೆ ಮುಚ್ಚಳ ಇದೆಯೇ? 19ನೇ ಶತಮಾನದ ವ್ಯಾಪಾರಿ ಹಡಗುಗಳು ಬಿಳಿ ಪಟ್ಟೆ ಬಳಿದು ಅದರ ಮೇಲೆ ಸುಮ್ನೆ ಕಪ್ಪು ಚೌಕ ಬರೆಸಿಕೊಳ್ಳುತ್ತಿದ್ದವು. ದೂರದಿಂದ ನೋಡುವ ಕಡಲ್ಗಳ್ಳರನ್ನು ಹೆದರಿಸಲು ಅಂತ ಒಂದು ವಿವರಣೆ. ಆಮೇಲಾಮೇಲೆ ಅದು ಬರೀ ಶೋಕಿ ಆಯಿತು.

ಹಳೇಫ್ರೇಮು

ಫಿರಂಗಿ ಒಂದೂ ಇಲ್ಲ. ಮುಚ್ಚಳವೂ ಇಲ್ಲ. ಬರೀ ಚೌಕ. ಮಕ್ಕಳಿಗೆಲ್ಲ ಯುದ್ಧನೌಕೆ ಅಂತ ಹೇಳಿಬಿಟ್ಟಿದ್ದೆ 😅

ಭೂತಗನ್ನಡಿ

ಹೆಸರಿಗೆ ತಕ್ಕ ಹಾಗೆ ನನ್ನದು ಅಚ್ಚಿನ ಕಡೆಯ ಪ್ರಶ್ನೆ. ಭೂತಗನ್ನಡಿ ಹಿಡಿದು ಆಕಾಶದ ಭಾಗ ನೋಡಿ. ಸಾಲುಸಾಲಾಗಿ ಒಂದೇ ಅಂತರದ ಚುಕ್ಕೆಗಳು ಕಂಡರೆ ಅದು ಫೋಟೋದಿಂದ ತೆಗೆದ ನಂತರದ ಕಾಲದ ಪ್ರತಿ. ಒರಟು ಕಾಗದದ ಮೇಲೆ ಬಣ್ಣದ ಕಡ್ಡಿ ಉಜ್ಜಿದ ಹಾಗೆ ಅಡ್ಡಾದಿಡ್ಡಿ ಕಾಳು ಕಂಡರೆ ಲಿಥೋಗ್ರಾಫ್, ಅಂದರೆ ಕಲ್ಲಚ್ಚು. ಕಲ್ಲಿನ ಮೇಲೆ ಜಿಡ್ಡಿನ ಕಡ್ಡಿಯಿಂದ ಬರೆಯುತ್ತಾರೆ. ಕಲ್ಲನ್ನು ಒದ್ದೆ ಮಾಡಿ ಮಸಿ ಉರುಳಿಸಿದರೆ ಜಿಡ್ಡಿದ್ದ ಕಡೆ ಮಾತ್ರ ಮಸಿ ಹತ್ತುತ್ತದೆ. ಲಂಡನ್ನಿನ ಟಿ. ಜಿ. ಡಟ್ಟನ್ ಹೀಗೇ ನೂರಾರು ಹಡಗುಗಳನ್ನು ಅಚ್ಚು ಹಾಕಿದ. ನ್ಯೂಯಾರ್ಕ್‌ನಲ್ಲಿ ಕರಿಯರ್ ಮತ್ತು ಐವ್ಸ್ ಎಂಬ ಕಂಪನಿಯವರು ಕ್ಲಿಪ್ಪರ್, ಅಂದರೆ ವೇಗದ ಹಾಯಿಹಡಗುಗಳ ಕಲ್ಲಚ್ಚು ಮಾರಿದರು.

ಫ್ರೇಮಿನಿಂದ ನೀವೇ ಕಿತ್ತು ತೆಗೆಯಬೇಡಿ. ಕಾಗದ ಗಾಜಿಗೆ ಅಂಟಿಕೊಂಡಿದ್ದರೆ ಆಕಾಶ ಗಾಜಿನ ಜೊತೆಗೇ ಹೋಗುತ್ತದೆ. ಅನುಭವದ ಮಾತು.

ಹಳೇಫ್ರೇಮು

ನೋಡಿದೆ. ಸಾಲು ಚುಕ್ಕೆ ಇಲ್ಲ. ನೀವು ಹೇಳಿದ ಹಾಗೆ ಕಾಳುಕಾಳಾಗಿದೆ. ಬಣ್ಣ ಮಾತ್ರ ಕೆಲವೆಡೆ ಗೆರೆ ದಾಟಿ ಹೊರಗೆ ಹೋಗಿದೆ.

ಭೂತಗನ್ನಡಿ

ಗೆರೆ ದಾಟಿದ್ದು ಒಳ್ಳೆಯ ಸುದ್ದಿ. ಬಣ್ಣ ಕೈಯಲ್ಲಿ ಹಚ್ಚಿದ್ದು. ಕರಿಯರ್ ಮತ್ತು ಐವ್ಸ್ ಅವರಲ್ಲಿ ಹೆಣ್ಣುಮಕ್ಕಳು ಮೇಜಿನ ಸುತ್ತ ಕೂತು ಒಬ್ಬೊಬ್ಬರು ಒಂದೊಂದೇ ಬಣ್ಣ ಹಚ್ಚಿ ಪಕ್ಕದವರಿಗೆ ದಾಟಿಸುತ್ತಿದ್ದರು. ನೀಲಿಯವರು ನೀಲಿ, ಕೆಂಪಿನವರು ಕೆಂಪು. ಅವಸರದಲ್ಲಿ ಗೆರೆ ದಾಟುವುದು ಸಹಜ.

ನೀಲಿಮಸಿ

ಈ ಚರ್ಚೆ ಓದುತ್ತಾ ಒಂದು ಮಾತು ಹೇಳಬೇಕೆನಿಸಿತು. ಹಗ್ಗ ಎಣಿಸಿ ಚಿತ್ರಕ್ಕೆ ಅಂಕ ಕೊಡುವುದು ನನಗೆ ಯಾಕೋ ಹಿಡಿಸುವುದಿಲ್ಲ. ಟರ್ನರ್ ಬರೆದ 'ಫೈಟಿಂಗ್ ಟೆಮೆರೇರ್' ನೋಡಿ. 1805ರ ಟ್ರಫಾಲ್ಗರ್ ಯುದ್ಧದಲ್ಲಿ ಕಾದಾಡಿದ 98 ಫಿರಂಗಿಯ ಹಡಗು. 1838ರಲ್ಲಿ ಅದನ್ನು ಒಡೆದು ಹಾಕಲು ಥೇಮ್ಸ್ ನದಿಯಲ್ಲಿ ಎಳೆದು ತಂದರು. ಅಷ್ಟರಲ್ಲಿ ಕಂಬಗಳನ್ನೆಲ್ಲ ಕಿತ್ತಾಗಿತ್ತು. ಎಳೆದದ್ದು ಎರಡು ಉಗಿದೋಣಿ. ಟರ್ನರ್ ಕಂಬ ನಿಲ್ಲಿಸಿದ, ಒಂದೇ ದೋಣಿ ಬರೆದ, ಮುದಿ ಹಡಗಿಗೆ ಬೆಳ್ಳಗಿನ ದೆವ್ವದ ಮೈ ಕೊಟ್ಟ, ಪಕ್ಕದಲ್ಲಿ ಸೂರ್ಯನನ್ನು ಮುಳುಗಿಸಿದ. ಎಲ್ಲ ತಪ್ಪು. ಕಂಬವಿಲ್ಲದ ಬೋಳು ಒಡಲನ್ನು ಇದ್ದ ಹಾಗೇ ಬರೆದಿದ್ದರೆ ಇವತ್ತು ಲಂಡನ್ನಿನ ನ್ಯಾಷನಲ್ ಗ್ಯಾಲರಿಯಲ್ಲಿ ಅದರ ಮುಂದೆ ಯಾರು ನಿಲ್ಲುತ್ತಿದ್ದರು?

ಚುಕ್ಕಾಣಿ

ಮೇಡಂ, ಟೆಮೆರೇರ್ ಬಗ್ಗೆ ನನ್ನ ತಕರಾರಿಲ್ಲ. ನನ್ನ ಜಗಳ ಅದೇ ಟರ್ನರ್ ಬರೆದ ಟ್ರಫಾಲ್ಗರ್ ಜೊತೆ. ರಾಜ ನಾಲ್ಕನೇ ಜಾರ್ಜ್ ಬರೆಸಿದ್ದು, 1824ರಲ್ಲಿ ಮುಗಿಯಿತು. ಅಗಲವೇ ಮೂರೂವರೆ ಮೀಟರಿಗೂ ಜಾಸ್ತಿ, ಈಗ ಲಂಡನ್ನಿನ ಗ್ರೀನಿಚ್‌ನಲ್ಲಿದೆ. ಯುದ್ಧಕ್ಕೆ ಮೊದಲು ಬ್ರಿಟಿಷ್ ನೌಕಾಪತಿ ನೆಲ್ಸನ್ ಹಾರಿಸಿದ ಸಂಕೇತದ ಬಾವುಟಗಳು 'ವಿಕ್ಟರಿ' ಹಡಗಿನ ಮೇಲೆ ಇನ್ನೂ ಇವೆ. ಮಧ್ಯಾಹ್ನ ಬಿದ್ದ ಕಂಬ ಆಗಲೇ ಬೀಳುತ್ತಿದೆ. ಸಂಜೆ ಉರಿದ ಫ್ರೆಂಚ್ ಹಡಗು 'ಅಶೀಲ್' ಹಿಂದೆ ಉರಿಯುತ್ತಿದೆ. ಮರುದಿನ ಮುಳುಗಿದ ಇನ್ನೊಂದು ಫ್ರೆಂಚ್ ಹಡಗು 'ರೆಡೌಟಬಲ್' ಮುಂದೆ ಮುಳುಗುತ್ತಿದೆ. ಎರಡು ದಿನವನ್ನು ಒಂದೇ ಕ್ಷಣಕ್ಕೆ ತುರುಕಿದ್ದಾನೆ. ಆ ಯುದ್ಧ ಕಂಡ ನಾವಿಕರು ಆಗಿನ್ನೂ ಬದುಕಿದ್ದರು. ಅವರು ಸಿಟ್ಟಾಗದೆ ಇರುತ್ತಾರೆಯೇ? ಕೊನೆಗೆ 1829ರಲ್ಲಿ ರಾಜ ಅದನ್ನು ನಿವೃತ್ತ ನಾವಿಕರ ಗ್ರೀನಿಚ್ ಆಸ್ಪತ್ರೆಗೆ ಕೊಟ್ಟು ಕೈ ತೊಳೆದುಕೊಂಡ.

ನೀಲಿಮಸಿ

ನಮ್ಮ ದೇವಸ್ಥಾನದ ಗೋಡೆಗಳಲ್ಲಿ ಒಂದೇ ಪಟ್ಟಿಕೆಯೊಳಗೆ ರಾಮ ಕಾಡಿಗೂ ಹೋಗುತ್ತಾನೆ, ಚಿನ್ನದ ಜಿಂಕೆಯ ಹಿಂದೆಯೂ ಓಡುತ್ತಾನೆ. ಅದನ್ನು ನೋಡಿ ಯಾರೂ ಗಡಿಯಾರ ತೆಗೆಯುವುದಿಲ್ಲವಲ್ಲ ಸರ್.

ಚುಕ್ಕಾಣಿ

ಅದು ಒಪ್ಪಿದೆ. ಆದರೆ ಆ ಶಿಲ್ಪಿ ಇದನ್ನು ದಾಖಲೆ ಅಂತ ನೌಕಾಪಡೆಗೆ ಕೊಡಲಿಲ್ಲ!

ಕಣ್ಣಾರೆ ಕಂಡು ಬರೆದವರೂ ಇದ್ದರು. ಹಾಲೆಂಡಿನ ವಿಲ್ಲೆಮ್ ವಾನ್ ಡ ವೆಲ್ಡ ನನ್ನ ಪ್ರಕಾರ ಆ ಗುಂಪಿನ ರಾಜ. ಅಪ್ಪ ಮಗ ಇಬ್ಬರಿಗೂ ಅದೇ ಹೆಸರು, ಹಾಗಾಗಿ ಹಿರಿಯ, ಕಿರಿಯ ಅನ್ನುತ್ತಾರೆ. ಹಿರಿಯವನು ಒಂದು ಚಿಕ್ಕ ದೋಣಿಯಲ್ಲಿ ಯುದ್ಧದ ನಡುವೆ ತೇಲುತ್ತಾ ಚಿತ್ರ ಬರೆಯುತ್ತಿದ್ದ. 1666ರಲ್ಲಿ ಇಂಗ್ಲೆಂಡ್ ಜೊತೆ ನಡೆದ ನಾಲ್ಕು ದಿನಗಳ ಯುದ್ಧದಲ್ಲೂ ಇದ್ದ. ಗುಂಡು ಹಾರುತ್ತಿದೆ, ಹೊಗೆ ಕವಿದಿದೆ, ಈ ಮನುಷ್ಯ ಕಾಗದದ ಮೇಲೆ ಹಡಗಿನ ಹಿಂಭಾಗದ ಕೆತ್ತನೆ ಬರೆಯುತ್ತಿದ್ದಾನೆ. ಆಮೇಲೆ ಮನೆಗೆ ಬಂದು ಬಿಳಿ ಬಳಿದ ಹಲಗೆಯ ಮೇಲೆ ಬರೀ ಮಸಿ ಮತ್ತು ಲೇಖನಿಯಲ್ಲಿ ಇಡೀ ಯುದ್ಧ ತೆಗೆಯುತ್ತಿದ್ದ. ಹತ್ತಿರ ಹೋದರೆ ಒಂದೊಂದು ಹಗ್ಗವೂ ಕಾಣುತ್ತದೆ. ಕೆಲವು ಚಿತ್ರಗಳಲ್ಲಿ ಮೂಲೆಯ ದೋಣಿಯಲ್ಲಿ ಬರೆಯುತ್ತಾ ಕೂತ ಅವನೇ ಇದ್ದಾನೆ, ನಾನು ಅಲ್ಲಿದ್ದೆ ಅಂತ ಸಾಕ್ಷಿ ಹೇಳುವವನ ಹಾಗೆ.

ಮಜಾ ಏನೆಂದರೆ 1672ರಲ್ಲಿ ಹಾಲೆಂಡಿಗೆ ಕೆಟ್ಟ ಕಾಲ ಬಂದಾಗ ಅಪ್ಪ ಮಗ ಇಬ್ಬರೂ ಶತ್ರುದೇಶ ಇಂಗ್ಲೆಂಡಿಗೆ ಹೋದರು. ಎರಡನೇ ಚಾರ್ಲ್ಸ್ ಇಬ್ಬರಿಗೂ ವರ್ಷಕ್ಕೆ 100 ಪೌಂಡ್ ಸಂಬಳ ಕೊಟ್ಟ. 1674ರ ಆದೇಶದಲ್ಲಿ ಕೆಲಸವನ್ನೂ ಹಂಚಿದ್ದಾನೆ. ಅಪ್ಪ ರೇಖೆ ತೆಗೆಯಬೇಕು, ಮಗ ಅದಕ್ಕೆ ಬಣ್ಣ ತುಂಬಬೇಕು. ಅವರ 1,400ಕ್ಕೂ ಹೆಚ್ಚು ರೇಖಾಚಿತ್ರಗಳು ಗ್ರೀನಿಚ್‌ನ ನ್ಯಾಷನಲ್ ಮ್ಯಾರಿಟೈಮ್ ಮ್ಯೂಸಿಯಂನಲ್ಲಿವೆ.

ಉಪ್ಪುನೀರು

ಯುದ್ಧ ನಡೆಯುವಾಗ ಪಕ್ಷ ಬದಲಿಸಿ ಎರಡೂ ಕಡೆ ಹೆಸರು ಮಾಡಿದ ಚಿತ್ರಕಾರ. ನಮ್ಮ ರಾಜಕಾರಣಿಗಳಿಗೆ ಇವನ ಪಟ ಕೊಡಬೇಕು.

ಕಲ್ಲುಬರಹ

ದಾಖಲೆಯ ಮಾತು ಬಂದದ್ದಕ್ಕೆ ನನ್ನದೊಂದು. ಹಡಗಿನ ಚಿತ್ರ ಅಂದರೆ ಎಣ್ಣೆಬಣ್ಣದ ದೊಡ್ಡ ಕ್ಯಾನ್ವಾಸ್ ಅಷ್ಟೇ ನೆನಪಾಗುತ್ತದೆ. ಅಂಗೈಯಗಲದ ಮುದ್ರೆಗಳನ್ನು ಮರೆಯುತ್ತೇವೆ. ಉತ್ತರ ಯುರೋಪಿನ ಬಂದರು ಪಟ್ಟಣಗಳು ಪತ್ರಕ್ಕೆ ಒತ್ತುವ ಮುದ್ರೆಯಲ್ಲಿ ತಮ್ಮ ಹಡಗನ್ನೇ ಕೊರೆಸುತ್ತಿದ್ದವು. ಎಲ್ಬಿಂಗ್ ಪಟ್ಟಣದ 1242ರ ಮುದ್ರೆಯಲ್ಲಿ ಚುಕ್ಕಾಣಿ ಹಡಗಿನ ಹಿಂಭಾಗದ ನಟ್ಟನಡುವೆ ಕೂತಿದೆ. 1066ರಲ್ಲಿ ನಾರ್ಮನ್ನರು ಇಂಗ್ಲೆಂಡ್ ಗೆದ್ದದ್ದನ್ನು ಹೇಳುವ ಬಾಯೋ ಕಸೂತಿ ಬಟ್ಟೆಯಲ್ಲಿ ಅದೇ ಚುಕ್ಕಾಣಿ ಪಕ್ಕಕ್ಕೆ ಕಟ್ಟಿದ ಅಗಲದ ಹುಟ್ಟಿನ ಹಾಗಿದೆ. ಎರಡನ್ನೂ ಪಕ್ಕದಲ್ಲಿಟ್ಟು ನೋಡಿ, ನಡುವೆ ಏನು ಬದಲಾಯಿತು ಅಂತ ಯಾರೂ ಹೇಳಬೇಕಿಲ್ಲ.

1962ರಲ್ಲಿ ಜರ್ಮನಿಯ ಬ್ರೆಮೆನ್ ಹತ್ತಿರ ವೇಸರ್ ನದಿಯ ಹೂಳೆತ್ತುವಾಗ ಹಳೆಯ ಮರದ ಹಡಗೊಂದು ಸಿಕ್ಕಿತು. ಅದು 'ಕಾಗ್' ಅನ್ನುವ ಮಧ್ಯಯುಗದ ಸರಕು ಹಡಗಿನ ಜಾತಿಯದು ಅಂತ ಗುರುತಿಸಿದ್ದು ಈ ಮುದ್ರೆಗಳ ಚಿತ್ರಕ್ಕೆ ಹೋಲಿಸಿ. ಅಲ್ಲಿಯವರೆಗೆ ಕಾಗ್ ಅಂದರೆ ಕಡತದಲ್ಲಿ ಹೆಸರು, ಮೇಣದಲ್ಲಿ ಚಿತ್ರ, ಅಷ್ಟೇ. 1380ರ ಸುಮಾರಿನ ಆ ಹಡಗು ಈಗ ಬ್ರೆಮರ್‌ಹಾವೆನ್‌ನಲ್ಲಿದೆ.

ಕಲ್ಲಿನಲ್ಲೂ ಇವೆ. ಜಾವಾದ ಬೊರೊಬುದೂರಿನ ಗೋಡೆಯಲ್ಲಿ ಪಕ್ಕಕ್ಕೆ ತೇಲುಮರ ಕಟ್ಟಿದ ಹಡಗುಗಳಿವೆ. ಅದನ್ನೇ ನೋಡಿ ಒಂದು ಹಡಗು ಕಟ್ಟಿ 2003ರಲ್ಲಿ ಜಕಾರ್ತಾದಿಂದ ಹೊರಟು ಮರುವರ್ಷ ಆಫ್ರಿಕಾದ ಘಾನಾ ಮುಟ್ಟಿಸಿದರು. ಸಾವಿರ ವರ್ಷ ಹಿಂದಿನ ಶಿಲ್ಪಿ ಸುಳ್ಳು ಹೇಳಿರಲಿಲ್ಲ! ಮುಂಬಯಿಯ ಬೊರಿವಲಿ ಹತ್ತಿರ ಏಕ್ಸರ್ ವೀರಗಲ್ಲುಗಳಲ್ಲಿ ಹುಟ್ಟು ಹಾಕುವವರ ಸಾಲು ಸಮೇತ ಸಮುದ್ರಯುದ್ಧವೇ ಇದೆ. ವೀರಗಲ್ಲು ಅಂದರೆ ದನ ಕಾದು ಸತ್ತವನೇ ಕಣ್ಣಿಗೆ ಬರುತ್ತಾನೆ, ಅಲ್ವಾ? ಕಡಲಲ್ಲಿ ಸತ್ತವರಿಗೂ ಕಲ್ಲು ನೆಟ್ಟಿದ್ದಾರೆ.

ನೀಲಿಮಸಿ

ಕಲ್ಲುಬರಹ ಅವರೇ, ಇದು ಬಹಳ ಇಷ್ಟವಾಯಿತು. ಅಜಂತಾದ 2ನೇ ಗುಹೆಯ ಮೂರು ಕಂಬದ ಹಡಗನ್ನೂ ಸೇರಿಸಿಕೊಳ್ಳಿ. ಅದರೊಳಗೆ ಸಾಲಾಗಿಟ್ಟ ಹರವಿಗಳು ನನಗೆ ಹಡಗಿಗಿಂತ ಜಾಸ್ತಿ ನೆನಪಿವೆ. ಒಳಗಿದ್ದದ್ದು ನೀರೋ ಎಣ್ಣೆಯೋ.

ವಿಷಯ ಬಿಟ್ಟು ಹೋಗುತ್ತಿದ್ದೇನೆ, ಆದರೂ ಹೇಳುತ್ತೇನೆ. ಕಡಲಚಿತ್ರದಲ್ಲಿ ನನಗೆ ತುಂಬಾ ಕಾಡುವುದು ಈಗ ನೋಡಲು ಸಿಗದ ಒಂದು ಚಿತ್ರ. ರೆಂಬ್ರಾಂಟ್ 1633ರಲ್ಲಿ ಬರೆದ ಗಲಿಲಾಯ ಸಮುದ್ರದ ಬಿರುಗಾಳಿ. ಅವನು ಬರೆದ ಒಂದೇ ಒಂದು ಕಡಲಚಿತ್ರ. ಹಾಯಿ ಹರಿದಿದೆ, ಒಬ್ಬ ವಾಂತಿ ಮಾಡುತ್ತಿದ್ದಾನೆ, ಇನ್ನೊಬ್ಬ ಹಗ್ಗ ಹಿಡಿದು ನಮ್ಮನ್ನೇ ನೋಡುತ್ತಿದ್ದಾನೆ. ಅದು ರೆಂಬ್ರಾಂಟನೇ ಅನ್ನುತ್ತಾರೆ. 1990ರ ಮಾರ್ಚ್ 18ರಂದು ಬಾಸ್ಟನ್ನಿನ ಗಾರ್ಡ್ನರ್ ಮ್ಯೂಸಿಯಂನಿಂದ 13 ಕಲಾಕೃತಿಗಳ ಜೊತೆ ಇದನ್ನೂ ಕದ್ದರು. ಖಾಲಿ ಫ್ರೇಮ್ ಅಲ್ಲೇ ತೂಗುತ್ತಿದೆ.

ಉಪ್ಪುನೀರು

13ರ ಜೊತೆ ಅಲ್ಲ ಮೇಡಂ, ಇದೂ ಸೇರಿ 13. ಲೆಕ್ಕದಲ್ಲಾದರೂ ನನಗೊಂದು ಅಂಕ ಸಿಗಲಿ.

ಚುಕ್ಕಾಣಿ

ಹಳೇಫ್ರೇಮು ಅವರ ಹಡಗಿಗೆ ವಾಪಸ್ ಬರೋಣ, ಪಾಪ ಕಾಯುತ್ತಿದ್ದಾರೆ. ಮೂರು ಕಂಬದಲ್ಲೂ ಅಡ್ಡಮರಕ್ಕೆ ಕಟ್ಟಿದ ಚೌಕ ಹಾಯಿಗಳೇ ಇವೆಯೇ? ಕೊನೆಯ ಕಂಬದಲ್ಲಿ ಅವು ಇಲ್ಲದೆ ಉದ್ದುದ್ದಕ್ಕೆ ಚಾಚಿದ ಹಾಯಿ ಮಾತ್ರ ಇದ್ದರೆ ಅದನ್ನು ಬಾರ್ಕ್ ಅನ್ನುತ್ತಾರೆ. ಮೂರರಲ್ಲೂ ಚೌಕ ಇದ್ದರೆ ಪೂರ್ಣ ಹಾಯಿಯ ಹಡಗು. ನಡುಕಂಬದಲ್ಲಿ ಎಷ್ಟು ಹಾಯಿ ಎಣಿಸಿ. ಕೆಳಗಿನಿಂದ ಎರಡನೆಯದು, ಮೂರನೆಯದು ಹೇಗಿವೆ?

ಹಳೇಫ್ರೇಮು

ಮೂರರಲ್ಲೂ ಚೌಕ. ನಡುವೆ ಐದು. ಎರಡನೆಯದು, ಮೂರನೆಯದು ಎರಡೂ ಗಿಡ್ಡ, ಆದರೆ ಅಗಲ. ಉಳಿದವು ಅವಕ್ಕಿಂತ ಎತ್ತರ.

ಚುಕ್ಕಾಣಿ

ಇದೇ ಬೇಕಿತ್ತು. ಮೊದಲು ಆ ಎರಡು ಹಾಯಿಗಳ ಜಾಗದಲ್ಲಿ ಟಾಪ್‌ಸೇಲ್ ಅನ್ನುವ ಒಂದೇ ದೊಡ್ಡ ಹಾಯಿ ಇರುತ್ತಿತ್ತು. ಬಿರುಗಾಳಿಯಲ್ಲಿ ಅದನ್ನು ಸುತ್ತಲು ಬಹಳ ಜನ ಮೇಲೆ ಹತ್ತಬೇಕು. 1850ರ ದಶಕದಿಂದ ಅದನ್ನು ಮೇಲೆ ಕೆಳಗೆ ಎರಡಾಗಿ ಒಡೆದರು. ಹಾಯಿ ಚಿಕ್ಕದಾದರೆ ಕಡಿಮೆ ಜನ ಸಾಕು, ಮಾಲೀಕನಿಗೆ ಸಂಬಳ ಉಳಿತಾಯ. ಹಾಗಾಗಿ ನಿಮ್ಮ ಚಿತ್ರ ಅದಕ್ಕಿಂತ ಹಳೆಯದಲ್ಲ.

ಹಿಂಭಾಗದಲ್ಲಿ ನಾಲ್ಕು ಪುಟ್ಟ ಬಾವುಟ ಒಂದರ ಕೆಳಗೊಂದು ಕಾಣುತ್ತಿವೆ. ಅದರ ಹತ್ತಿರದ ಫೋಟೋ ಹಾಕಿ. ಅದು ಅಲಂಕಾರ ಅಲ್ಲ. 1857ರಲ್ಲಿ ವ್ಯಾಪಾರಿ ಹಡಗುಗಳಿಗೆ ಬ್ರಿಟನ್ ಒಂದು ಬಾವುಟ ಸಂಕೇತ ತಂದಿತು. 18 ಬಾವುಟ, ಒಂದೊಂದಕ್ಕೆ ಒಂದು ಇಂಗ್ಲಿಷ್ ವ್ಯಂಜನ. ಸ್ವರಗಳು ಇಲ್ಲ. ಪ್ರತಿ ಹಡಗಿಗೂ ನಾಲ್ಕಕ್ಷರ. ಹಡಗಿನ ಚಿತ್ರ ಬರೆಸುತ್ತಿದ್ದದ್ದು ಮಾಲೀಕ ಅಥವಾ ಕ್ಯಾಪ್ಟನ್. ಅವರಿಗೆ ಮೋಡ ಹೇಗಿದ್ದರೂ ನಡೆಯುತ್ತದೆ, ಈ ನಾಲ್ಕು ಬಾವುಟ ಮಾತ್ರ ಸರಿಯಿರಬೇಕು. ಅದು ಹಡಗಿನ ಹೆಸರು.

ಹಳೇಫ್ರೇಮು

ಫೋಟೋ ಹಾಕಿದೆ. ಮೇಲಿನದು ಅಡ್ಡಪಟ್ಟೆ: ನೀಲಿ, ಬಿಳಿ, ನೀಲಿ. ಎರಡನೆಯದರಲ್ಲಿ ಅರ್ಧ ನೀಲಿ, ಉಳಿದರ್ಧ ಮಾಸಿದೆ. ನಾಲ್ಕಕ್ಕೂ ಮೇಲೆ ಇಂಗ್ಲೆಂಡಿನ ದೊಡ್ಡ ಕೆಂಪು ಬಾವುಟ.

ಉಪ್ಪುನೀರು

ಜೆ, ಕೆ! ಕಟಿ ಸಾರ್ಕ್ ಹಡಗಿನ ಅಕ್ಷರ ಜೆ ಕೆ ಡಬ್ಲ್ಯೂ ಎಸ್!! 1869ರ ಚಹಾ ಕ್ಲಿಪ್ಪರ್, ಗ್ರೀನಿಚ್‌ನಲ್ಲಿ ಇವತ್ತಿಗೂ ನಿಂತಿದೆ. ಲಾಟರಿ ಹೊಡೆಯಿತು ಗುರುವೇ!

ಚುಕ್ಕಾಣಿ

ಕಟಿ ಸಾರ್ಕ್ ಪಕ್ಕದಲ್ಲಿ ಬಿಳಿ ಪಟ್ಟೆ, ಸುಳ್ಳು ಕಿಂಡಿ ಎಲ್ಲಿದೆ? ಅದು ಕಪ್ಪು ಹಡಗು. ಮೂರನೆಯ ಬಾವುಟ ನೋಡದೆ ಕುಣಿಯಬೇಡಿ.

ಹಳೇಫ್ರೇಮು

ಮೂರನೆಯದು ನೀಲಿ ಬಿಳಿ ಚದುರಂಗದ ಮನೆ ಥರ ಇದೆ.

ಉಪ್ಪುನೀರು

ಹೋಯ್ತು ಲಾಟರಿ. ಅದು ಎನ್.

ಹಳೇಫ್ರೇಮು

ನಾಲ್ಕನೆಯದು ಪೂರ್ತಿ ಮಾಸಿದೆ. ಬರೀ ಕೆನೆಬಣ್ಣದ ಚೌಕ. ಗುರುತು ಏನೂ ಇಲ್ಲ.

ಭೂತಗನ್ನಡಿ

ಇಲ್ಲಿ ನಾನು ಬರಬೇಕು. ಆ ಸಂಕೇತದಲ್ಲಿ ಹಾಗೆ ಮಾಸಿ ಖಾಲಿಯಾಗಿ ಕಾಣಬಲ್ಲವು ಕೆಲವೇ. ಪೂರ್ತಿ ಹಳದಿಯ ಕ್ಯೂ, ಇಲ್ಲವೇ ಬಿಳಿಯ ಮೇಲೆ ಕೆಂಪು ಗುಣಾಕಾರ ಚಿಹ್ನೆ ಇರುವ ವಿ ಥರ ಕೆಂಪಿರುವ ಬಾವುಟ. ಬಿಳಿ ಅಂದರೆ ಬರೀ ಕಾಗದ, ಹಾಗಾಗಿ ಕೆಂಪು ಹೋದರೆ ವಿ ಖಾಲಿ. ಆದರೆ ಮೇಲಿನ ದೊಡ್ಡ ಬಾವುಟದ ಕೆಂಪು ಹೇಗಿದೆ?

ಹಳೇಫ್ರೇಮು

ಅದು ಈಗಲೂ ಚೆನ್ನಾಗಿ ಕೆಂಪಾಗಿದೆ.

ಭೂತಗನ್ನಡಿ

ಹಾಗಾದರೆ ಒಂದೇ ಕಾಗದದಲ್ಲಿ, ಒಂದೇ ಬೆಳಕಿನಲ್ಲಿ, ಬೆರಳಗಲದ ಕೆಳಗೆ ಕೆಂಪು ಮಾಯವಾಗುವುದಿಲ್ಲ. ಎರಡನೇ ಬಾವುಟ ಕೆ ಅರ್ಧ ಹಳದಿ, ಅರ್ಧ ನೀಲಿ ಇರಬೇಕು, ನೀಲಿಯಲ್ಲದ ಅರ್ಧ ಮಾಸಿದೆ ಅಂತ ನೀವೇ ಹೇಳಿದ್ದೀರಿ. ಹಳದಿಯೇ ಹೋಗಿರುವುದು. ನನ್ನ ಓಟು ಕ್ಯೂಗೆ. ಜೆ, ಕೆ, ಎನ್, ಕ್ಯೂ.

ನೀಲಿಮಸಿ

ಅಡ್ಡ ಬಾಯಿ ಹಾಕುತ್ತೇನೆ. ಬಣ್ಣ ಹಚ್ಚಿದ್ದು ಕೈಯಲ್ಲಿ ಅಂದಿರಿ. ಹಳದಿಯವರು ಅವತ್ತು ತಪ್ಪು ಚೌಕಕ್ಕೆ ಹಚ್ಚಿದ್ದರೆ?

ಚುಕ್ಕಾಣಿ

ಆಗ ಸಿಗುವ ಹಡಗು ಎರಡು ಕಂಬದ ಬ್ರಿಗ್ಗೋ ಉಗಿಹಡಗೋ ಆಗಿರುತ್ತದೆ, ನಮಗೆ ಗೊತ್ತಾಗುತ್ತದೆ. ಹಳೇಫ್ರೇಮು ಅವರೇ, ಬ್ರಿಟಿಷ್ ಹಡಗುಗಳ 'ಮರ್ಕೆಂಟೈಲ್ ನೇವಿ ಲಿಸ್ಟ್' ಅಂತ ವಾರ್ಷಿಕ ಪಟ್ಟಿ ಇದೆ. ಹಳೆಯ ಸಂಪುಟಗಳ ಸ್ಕ್ಯಾನ್ ಪ್ರತಿ ಅಂತರ್ಜಾಲದಲ್ಲಿ ಸಿಗುತ್ತದೆ. ಕಟಿ ಸಾರ್ಕ್‌ಗೂ ಜೆ ಕೆ ಇರುವುದರಿಂದ 1870ರ ಆಸುಪಾಸಿನಿಂದ ಶುರು ಮಾಡಿ. ಕೆಂಪು ಬಾವುಟ ಇರುವುದು ಒಳ್ಳೆಯದಾಯಿತು. ಅದೇ ನಾಲ್ಕಕ್ಷರ ಬೇರೆ ದೇಶದ ಹಡಗಿಗೂ ಇರಬಹುದಿತ್ತು.

ಹಳೇಫ್ರೇಮು

1870ರ ಪಟ್ಟಿ ತೆರೆದು ಕೂತಿದ್ದೇನೆ. ಅಕ್ಷರ ಇರುವೆ ಗಾತ್ರ, ಪುಟಗಳು ಓರೆಯಾಗಿ ಸ್ಕ್ಯಾನ್ ಆಗಿವೆ. ಭೂತಗನ್ನಡಿ ಈಗ ಲ್ಯಾಪ್‌ಟಾಪಿನ ಮುಂದೆ. ಮಗಳು ಒಂದು ಕಾಲಂ ಓದುತ್ತಾಳೆ, ನಾನು ಒಂದು. ಜೆ ಹೆಚ್ ಮುಗಿಯಿತು.